ಪ್ರೋಟೀನಿನ ಭಯ ಬಂದ ಬಗೆ

ನಾವು ಶಾಲೆಯಲ್ಲಿ ‘ಸಸಾರಜನಕ’ ಎಂದು ಬಾಯಿಪಾಠ ಮಾಡಿದ ವಸ್ತು ಇಂದು ಪ್ರೋಟೀನ್ ಎಂಬ ಹೆಸರಿನಲ್ಲಿ, ಡಬ್ಬಿಯೊಳಗಿನ ಪುಡಿಯಾಗಿ ಮನೆಗೆ ಬರುತ್ತಿದೆ. ಹದಿನಾರರ ಮಗ ಹುಳಿ-ಅನ್ನವನ್ನು ಬದಿಗೆ ಸರಿಸಿ, “ಇದರಲ್ಲಿ ಪ್ರೋಟೀನ್ ಎಲ್ಲಿದೆಯಮ್ಮ?” ಎಂದರೆ ತಾಯಿಗೆ ಉತ್ತರ ತೋಚದು. ಪ್ರಶ್ನೆ ಅವನೊಬ್ಬನದಲ್ಲ, ಅದು ಅವನ ಅಜ್ಜನ ಕಾಲದಿಂದ ಬಂದದ್ದು.

ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ವೈದ್ಯೆ ಸಿಸಿಲಿ ವಿಲಿಯಮ್ಸ್ ಮೈ ಊದಿಕೊಂಡು, ಕೂದಲು ಕೆಂಚಗಾದ ಎಳೆಯ ಮಕ್ಕಳನ್ನು ಕಂಡರು. ಈ ಬೇನೆಗೆ ಅಲ್ಲಿನವರು ಹೇಳುತ್ತಿದ್ದ ‘ಕ್ವಾಶಿಯೋರ್ಕರ್’ ಎಂಬ ಹೆಸರನ್ನೇ 1935ರಲ್ಲಿ ವೈದ್ಯಲೋಕಕ್ಕೆ ತಿಳಿಸಿದರು. ಮುಂದಿನ ಕೂಸು ಹುಟ್ಟಿ ಎದೆಹಾಲು ತಪ್ಪಿದ ಮಗುವಿಗೆ ಬರುವ ರೋಗವಿದು. ಪ್ರೋಟೀನಿನ ಕೊರತೆಯೇ ಇದರ ಮೂಲವೆಂದು ತಜ್ಞರಲ್ಲಿ ಬಹುಮಂದಿ ನಂಬಿದರು. 1968ರಲ್ಲಿ ವಿಶ್ವಸಂಸ್ಥೆಯ ವರದಿಯೊಂದು ಜಗತ್ತಿಗೇ ಪ್ರೋಟೀನ್ ಬಿಕ್ಕಟ್ಟು ಬರಲಿದೆಯೆಂದು ಎಚ್ಚರಿಸಿತು. ನಮ್ಮ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯವೂ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಪೌಷ್ಟಿಕ ಆಹಾರ ತಯಾರಿಸಿತ್ತು. ಅದು ಬಡವರ ಮಕ್ಕಳಿಗಾಗಿ ನಡೆದ ಪ್ರಾಮಾಣಿಕ ಕೆಲಸ; ಇಂದಿನ ಡಬ್ಬಿಗಳ ಸಾಲಿಗೆ ಅದನ್ನು ಸೇರಿಸಬಾರದು.

ಸಂಶಯ ಎದ್ದದ್ದು ನಮ್ಮ ದೇಶದಲ್ಲೇ. ಕೂನೂರಿನಲ್ಲಿ 1918ರಲ್ಲಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂದ ಪೋಷಣ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಹಳ್ಳಿಯ ಮಕ್ಕಳ ಊಟವನ್ನೇ ಪರಿಶೀಲಿಸಿದರು. ಊದಿಕೊಂಡ ಮಕ್ಕಳೂ ಒಣಗಿ ಕಡ್ಡಿಯಾದ ಮಕ್ಕಳೂ ತಿನ್ನುತ್ತಿದ್ದ ಆಹಾರದ ಬಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಖ್ಯ ಕೊರತೆ ಒಟ್ಟು ಊಟದ್ದೇ. ಹೊಟ್ಟೆ ತುಂಬದಿದ್ದರೆ ಶರೀರವು ಪ್ರೋಟೀನನ್ನೂ ಸೌದೆಯಂತೆ ಉರಿಸಿಬಿಡುತ್ತದೆ. ಪುಣೆಯ ಪಿ. ವಿ. ಸುಖಾತ್ಮೆಯವರೂ ಅಂಕಿಅಂಶಗಳಿಂದ ಇದನ್ನೇ ವಾದಿಸಿದರು. 1974ರಲ್ಲಿ ಡೊನಾಲ್ಡ್ ಮ್ಯಾಕ್‌ಲಾರೆನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಪ್ರಕರಣವನ್ನೆಲ್ಲ ದೊಡ್ಡ ಎಡವಟ್ಟೆಂದು ಬರೆದರು. ಅಷ್ಟರಲ್ಲಿ ಭಯ ಮನೆಮನೆ ಸೇರಿತ್ತು.

ತೆಳ್ಳಗಾಗಬೇಕೆಂದು ಅನ್ನ ಬಿಟ್ಟು ಬರಿಯ ಪುಡಿ ಕುಡಿಯುವ ಮಗಳಿಗೆ ಆ ಸೌದೆಯ ಮಾತನ್ನು ವಿವರಿಸಿ ಹೇಳಬೇಕು.

ಲೆಕ್ಕ ಹೀಗಿದೆ. 16ರಿಂದ 18ರ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಮ್, ಹುಡುಗಿಗೆ 46 ಗ್ರಾಮ್ ಪ್ರೋಟೀನ್ ಸಾಕು. 300 ಗ್ರಾಮ್ ಅಕ್ಕಿ ಮತ್ತು ರಾಗಿ, 75 ಗ್ರಾಮ್ ಬೇಳೆ, ಅರ್ಧ ಲೀಟರ್ ಹಾಲು-ಮೊಸರು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸೀನ್ ಬೇಳೆಯಲ್ಲಿ ಧಾರಾಳವಾಗಿದೆ. ಬೇಳೆಯ ಕೊರತೆಯನ್ನು ಅಕ್ಕಿ ನೀಗುತ್ತದೆ. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡವೆಂದು ಅದೇ ಹೈದರಾಬಾದಿನ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ತಿಳಿಸಾರು ನೆಚ್ಚಿಕೊಂಡ ಮನೆಗೆ ಈ ಲೆಕ್ಕ ಹೊಂದದು. ಹುಳಿಯಲ್ಲಿ ಸೌಟಿಗೆ ಸಿಗುವಷ್ಟು ಬೇಳೆ ಇದ್ದರೆ ಮಾತ್ರ ಮಗನ ಪ್ರಶ್ನೆಗೆ ತಾಯಿ ಧೈರ್ಯವಾಗಿ ಉತ್ತರಿಸಬಹುದು.