ಡಮಾಮಿಗೆ ಮೊದಲು ಬೆಂಕಿ ಬೇಕು

ಮಳೆ ಚೆಂದ. ಜೋಯಿಡಾದ ಘಟ್ಟಕ್ಕೆ ಮೋಡ ಒರಗಿದರೆ, ದಾಂಡೇಲಿಯ ಮಗ್ಗುಲಲ್ಲಿ ಕಾಳಿ ಹೊಳೆ ತುಂಬಿದರೆ, ಹಳಿಯಾಳ ಮುಂಡಗೋಡದ ಗದ್ದೆಗಳು ಆರಿದ್ರಾ ಮಳೆಗೆ ನೆನೆದರೆ ಯಾರ ಎದೆ ಕುಣಿಯುವುದಿಲ್ಲ? ಆದರೆ ಗೆಳೆಯರೇ, ಆ ಚೆಂದವನ್ನು ಹಾಡಿದವರು ಯಾರು? ಚರಿತ್ರೆಯಲ್ಲಿ ಯಾರ ಹೆಸರು ಉಳಿಯಿತು? ಕೇಳಬೇಕಾದ್ದು ಇದನ್ನು.

ಮಳೆಯ ಸಂಗೀತ ಅಂದರೆ ಸಾಕು, ಮಲ್ಹಾರ ರಾಗ ಅಂತಾರೆ. ಅಕ್ಬರನ ಆಸ್ಥಾನದಲ್ಲಿ ತಾನಸೇನ ಹಾಡಿ ಮಳೆ ಕರೆದ ಅಂತ ಕತೆ ಕಟ್ಟಿದ್ದಾರೆ. ಹಳಿಯಾಳಕ್ಕೆ ಹತ್ತಿರದ ಧಾರವಾಡದಲ್ಲಿ ಬೇಂದ್ರೆ ಶ್ರಾವಣವನ್ನು ಹಾಡಿದರು. ದೊಡ್ಡ ಹಾಡುಗಳೇ, ನಮ್ಮ ಜಗಳ ಅವುಗಳ ಜೊತೆ ಅಲ್ಲ.

ಆದರೆ ತಾನಸೇನ ಬದುಕಿದ್ದ ಅದೇ ಶತಮಾನದಲ್ಲಿ, 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಆಫ್ರಿಕದ ಮನುಷ್ಯರನ್ನು ಹಡಗಿಗೆ ತುಂಬಿ ತಂದು ಮಾರುತ್ತಿದ್ದರು. ತಮ್ಮ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಅಂತ ಅವರು ಸಾರಿದ್ದು 1869ರಲ್ಲಿ. ಅಲ್ಲಿವರೆಗೆ ಕಾಯದೆ ತಪ್ಪಿಸಿಕೊಂಡು ಘಟ್ಟ ಹತ್ತಿದವರಿದ್ದರು. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿಗಳಲ್ಲಿ ಅವರ ರಕ್ತ ಹರಿಯುತ್ತಿದೆ. ಓಡಿ ಬಂದವರನ್ನು ಮರೆಮಾಡಿದ್ದು ಈ ಕಾಡು, ಈ ಮಳೆ. ಹೊಟ್ಟೆ ತುಂಬಿಸಿದ್ದು ಮಾತ್ರ ಒಡೆಯರ ಗದ್ದೆಯ ಜೀತ.

ಸಿದ್ದಿಗಳ ಡೋಲಿನ ಹೆಸರು ಡಮಾಮಿ. ಕಾಡಿನ ದುಡಿಮೆ ಮುಗಿಸಿ ಬಂದವರು ದಣಿವಾರಿಸಿಕೊಳ್ಳಲು ಬಡಿದದ್ದು ಅದನ್ನು. ಹೆಂಗಸರಿಗೆ ಪುಗಡಿ ಕುಣಿತ ಇದೆ. ಮಳೆಗಾಲದ ಥಂಡಿಗೆ ತೊಗಲು ಸಡಿಲಾಗುತ್ತದೆ, ದನಿ ಸತ್ತುಹೋಗುತ್ತದೆ. ಅದನ್ನು ಬೆಂಕಿಗೆ ಹಿಡಿದು ಕಾಯಿಸಬೇಕು. ತೊಗಲು ಬಿಗಿಯಾದ ಮೇಲೆ ಗುಡುಗಿಗೆ ಎದುರು ಗುಡುಗು. ಸೋರುವ ಗುಡಿಸಲಿನಲ್ಲಿ ಒಣ ಕಟ್ಟಿಗೆ ಉಳಿಸಿಕೊಂಡವನಿಗೇ ಗೊತ್ತು ಆ ಒಂದು ಪೆಟ್ಟಿನ ಬೆಲೆ. ಆಸ್ಥಾನದ ಸಂಗೀತ ಮಳೆಯನ್ನು ಕರೆಯಿತು. ನಮ್ಮವರ ಸಂಗೀತ ಮಳೆಯನ್ನು ತಾಳಿಕೊಂಡಿತು.

ಹಾಡಿಗೂ ಕಾಲೂರಲು ನೆಲ ಬೇಕು. ಜೋಯಿಡಾದ ಮಳೆಯನ್ನೇ ಕಟ್ಟಿ ನಿಲ್ಲಿಸಿದ್ದು ಸೂಪಾ ಅಣೆಕಟ್ಟು. ಅದು ಮುಗಿದದ್ದು 1987ರಲ್ಲಿ, ಎತ್ತರ 101 ಮೀಟರ್. ಸೂಪಾ ಊರು ನೀರಿನಡಿ ಹೋಯಿತು. ಗಣೇಶಗುಡಿಯಲ್ಲಿ, ನಾಗಝರಿಯಲ್ಲಿ ಕರೆಂಟು ಹುಟ್ಟಿತು. ಎಷ್ಟು ಎಕರೆ ಮುಳುಗಿತು, ಎಷ್ಟು ಯೂನಿಟ್ ಬಂತು ಅಂತ ಲೆಕ್ಕ ಬರೆದಿಡುತ್ತಾರೆ. ಆ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡಿದವರ ಪದಗಳನ್ನು ಯಾವ ಕಾಲಂನಲ್ಲಿ ಬರೆಯುವುದು?

ಸಿದ್ದಿಗಳನ್ನು ಪರಿಶಿಷ್ಟ ಪಂಗಡ ಅಂತ ಸರಕಾರ ಒಪ್ಪಿದ್ದೇ 2003ರಲ್ಲಿ. ಕಾಗದಕ್ಕೆ ಏರಲು ಜನಕ್ಕೇ ಇಷ್ಟು ಕಾಲ ಬೇಕಾದರೆ ಅವರ ಹಾಡಿಗೆ ಎಷ್ಟು ಬೇಕು? ಈಗ ಡಮಾಮಿಯನ್ನು ಉತ್ಸವದ ವೇದಿಕೆಗೆ ಕರೆಯುತ್ತಾರೆ. ಕರೆಯಲಿ, ಸಂತೋಷ. ಬಡಿಯುವವನ ಗುಡಿಸಲಿಗೆ ಪಟ್ಟಾ ಇದೆಯೇ ಅಂತಲೂ ಕೇಳಲಿ.

ಹಳ್ಳಿಯ ಮೇಷ್ಟ್ರುಗಳೇ, ಅಕ್ಷರ ಕಲಿತ ಮೊದಲ ತಲೆಮಾರಿನ ಗೆಳೆಯರೇ, ಈ ಚರಿತ್ರೆಯನ್ನು ಬೇರೆ ಯಾರೂ ಬರೆದುಕೊಡುವುದಿಲ್ಲ. ಈ ಮಳೆಗಾಲ ಮಕ್ಕಳಿಗೆ ಒಂದು ಕೆಲಸ ಹೇಳಿ: ನಾಟಿ ಮಾಡುವಾಗ, ಕಳೆ ಕೀಳುವಾಗ ಅಜ್ಜಿ ಏನು ಹಾಡುತ್ತಿದ್ದಳು ಅಂತ ಕೇಳಿಕೊಂಡು ಬರಲಿ. ಅವಳ ಮಾತಿನಲ್ಲೇ ಬರೆದುಕೊಳ್ಳಲಿ. ಯಾರ ಗದ್ದೆಯಲ್ಲಿ, ಎಷ್ಟು ಕೂಲಿಗೆ ಹಾಡಿದಳು ಅನ್ನುವುದನ್ನೂ ಬರೆಯಲಿ. ಕೆಳಗೆ ಅವಳ ಹೆಸರಿರಲಿ.