ಸಮಾಜಸತ್ತಾವಾದವೂ ಎರೆಸೀಮೆಯ ರೈತನೂ

ಆಂಗ್ಲಭಾಷೆಯ ‘ಸೋಶಿಯಲಿಸಂ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಸಮಾಜಸತ್ತಾವಾದ, ಸಮತಾವಾದ, ಸಮಾಜವಾದ ಎಂಬ ಪರ್ಯಾಯಗಳು ಬಳಕೆಗೆ ಬಂದು, ಕಡೆಯದು ರೂಢಿಯಲ್ಲಿ ನಿಂತಿದೆ. ಭೂಮಿ, ನೀರು, ಯಂತ್ರ, ಬಂಡವಲು ಮೊದಲಾದ ಉತ್ಪಾದನಸಾಧನಗಳು ಒಬ್ಬೊಬ್ಬರ ಸ್ವತ್ತಾಗಿರದೆ ಸಮುದಾಯದ ವಶದಲ್ಲಿ, ಇಲ್ಲವೆ ಸಮುದಾಯದ ಪರವಾಗಿ ಸರಕಾರದ ವಶದಲ್ಲಿ ಇರತಕ್ಕದ್ದೆಂಬುದು ಇದರ ಸ್ಥೂಲಾರ್ಥವು. ‘ಸಮಾಜ’ ಶಬ್ದದ ವ್ಯುತ್ಪತ್ತಿಯೂ ಇಲ್ಲಿ ಸ್ಮರಣಾರ್ಹವಾಗಿದೆ. ‘ಸಮ್’ ಉಪಸರ್ಗದೊಡನೆ ಕೂಡಿದ ‘ಅಜ್’ ಧಾತುವಿನಿಂದ ಎರಡು ರೂಪಗಳು ಸಿದ್ಧಿಸುತ್ತವೆ. ಪಾಣಿನಿಯ ಸೂತ್ರದ ಮೇರೆಗೆ ಪಶುಗಳ ಹಿಂಡು ‘ಸಮಜ’ವೆನಿಸುತ್ತದೆ, ಇತರರ ಕೂಟವು ‘ಸಮಾಜ’ವೆನಿಸುತ್ತದೆ. ಅಮರಕೋಶವೂ ಈ ವಿಭಾಗವನ್ನೇ ಹೇಳುತ್ತದೆ. ಹಿಂಡನ್ನು ಬೇರೊಬ್ಬನು ಅಟ್ಟುತ್ತಾನೆ; ಕೂಟವು ತಾನಾಗಿ ಕೂಡುತ್ತದೆ.

ಸಮಾಜವಾದವನ್ನು ಜನರು ಏತಕ್ಕೆ ಒಪ್ಪುತ್ತಾರೆ, ಏತಕ್ಕೆ ವಿರೋಧಿಸುತ್ತಾರೆ ಎಂಬ ಪ್ರಶ್ನೆಯು ಅಮೇರಿಕದ ವಿಷಯದಲ್ಲಿ ಬಹುಕಾಲದಿಂದ ಚರ್ಚಿತವಾಗಿದೆ. ಅಮೇರಿಕದವರು ಸ್ವಭಾವತಃ ವ್ಯಕ್ತಿಸ್ವಾತಂತ್ರ್ಯಪ್ರಿಯರು, ಆದುದರಿಂದ ವಿರೋಧಿಗಳು. ಭಾರತದ ಹಳ್ಳಿಗರು ಅವಿಭಕ್ತ ಕುಟುಂಬ, ದಾನ, ದಾಸೋಹ ಮೊದಲಾದ ಸಂಸ್ಕಾರಗಳಲ್ಲಿ ಬೆಳೆದವರು, ಆದುದರಿಂದ ಸ್ವಭಾವತಃ ಅನುಕೂಲರು ಎಂದು ಹೇಳುವ ವಾಡಿಕೆಯುಂಟು. ಇದು ಪೂರ್ವಪಕ್ಷವು. ಅಮೇರಿಕದ ಇತಿಹಾಸವನ್ನೂ, ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಗಳ ಇತಿಹಾಸವನ್ನೂ ಜತೆಯಲ್ಲಿಟ್ಟು ನೋಡಿದರೆ ಈ ಪಕ್ಷದ ಎರಡು ಭಾಗಗಳೂ ನಿಲ್ಲುವುದಿಲ್ಲ.

ಈ ತುಲನೆಯು ಅಕಸ್ಮಾತ್ತಾದುದಲ್ಲ. ೧೮೪೦ರ ಅನಂತರದ ವರ್ಷಗಳಲ್ಲಿ ಕಂಪನಿ ಸರಕಾರವು ಅಮೇರಿಕದ ಹತ್ತಿಯ ಬೀಜವನ್ನು ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬಿತ್ತಿಸಿತು; ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಇದಕ್ಕಾಗಿ ಪ್ರಯೋಗಕ್ಷೇತ್ರವಿತ್ತು. ಮುಂದೆ ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನಿಂದಲೇ ಈ ಹತ್ತಿಯು ಪೇಟೆಯಲ್ಲಿ ಪ್ರಸಿದ್ಧವಾಯಿತು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಹೋಗುವುದು ನಿಂತಾಗ ಇಲ್ಲಿಯ ಧಾರಣೆಯು ಏರಿತು. ಯುದ್ಧವು ಮುಗಿದೊಡನೆ ಇಳಿಯಿತು. ಹೀಗೆ ನವಲಗುಂದದ ರೈತನ ಏಳುಬೀಳುಗಳು ಅಂದಿನಿಂದಲೇ ಆ ದೂರದೇಶದ ಸ್ಥಿತಿಗತಿಗಳೊಡನೆ ಬೆಸೆದುಕೊಂಡಿವೆ.

ಮೊದಲು ಅಮೇರಿಕದ ವಿಷಯ. ೧೯೦೬ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞನಾದ ವೆರ್ನರ್ ಸೊಂಬಾರ್ಟನು, ಯಂತ್ರೋದ್ಯಮದಲ್ಲಿ ಎಲ್ಲರಿಗಿಂತ ಮುಂದಾದ ಆ ದೇಶದಲ್ಲಿ ಸಮಾಜವಾದವು ಏಕಿಲ್ಲವೆಂದು ಕೇಳಿ ಒಂದು ಗ್ರಂಥವನ್ನೇ ಬರೆದನು. ಅಲ್ಲಿಯ ಕೆಲಸಗಾರನಿಗೆ ಹೊಟ್ಟೆತುಂಬ ಅನ್ನವಿದೆ, ಮತಾಧಿಕಾರವು ಹೋರಾಟವಿಲ್ಲದೆ ಮೊದಲೇ ದೊರೆತಿದೆ, ಪಡುವಣದಲ್ಲಿ ಬಯಲು ಭೂಮಿಯಿದೆ ಎಂಬಿವು ಅವನ ಉತ್ತರದಲ್ಲಿಯ ಮುಖ್ಯಾಂಶಗಳು. ಭೂಮಿಯ ಮಾತು ವಿಶೇಷವಾಗಿ ಗಮನಾರ್ಹವು. ೧೮೬೨ರ ಕಾಯಿದೆಯ ಮೇರೆಗೆ ಐದು ವರ್ಷ ನೆಲೆಸಿ ಉತ್ತವನಿಗೆ ೧೬೦ ಎಕರೆ ಭೂಮಿಯು ಅತ್ಯಲ್ಪ ಶುಲ್ಕಕ್ಕೆ ದೊರೆಯುತ್ತಿತ್ತು. ಸ್ವಂತ ಹೊಲದ ಆಸೆಯುಳ್ಳವನಿಗೆ ಸಮುದಾಯದ ಹೊಲದ ಮಾತು ರುಚಿಸಲಾರದು. ಆ ಭೂಮಿಯು ಮೂಲನಿವಾಸಿಗಳಿಂದ ಕಿತ್ತುಕೊಂಡದ್ದೆಂಬುದನ್ನೂ ಇಲ್ಲಿ ಮರೆಯಕೂಡದು. ಇದರ ಮೇಲೆ, ನಾನಾ ದೇಶಗಳಿಂದ ಬಂದ ಕೆಲಸಗಾರರಲ್ಲಿ ಭಾಷಾಭೇದ ವರ್ಣಭೇದಗಳು ಬಲವಾಗಿದ್ದು ಅವರು ಒಂದಾಗುವುದು ಕಷ್ಟವಾಯಿತು.

ಆದರೆ ಸಮಾಜವಾದವು ಅಲ್ಲಿ ಇರಲೇ ಇಲ್ಲವೆಂಬುದು ಅತಿವ್ಯಾಪ್ತಿಯು. ೧೯೧೨ರ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಯೂಜಿನ್ ಡೆಬ್ಸನಿಗೆ ಸುಮಾರು ೯ ಲಕ್ಷ, ಎಂದರೆ ನೂರಕ್ಕೆ ಸುಮಾರು ೬ ಮತಗಳು ಬಂದವು. ೧೯೧೪ರಲ್ಲಿ ಒಕ್ಲಹೋಮ ಪ್ರಾಂತದ ಗವರ್ನರ್ ಚುನಾವಣೆಯಲ್ಲಿ ಐದರಲ್ಲೊಂದು ಪಾಲು ಮತಗಳು ಈ ಪಕ್ಷಕ್ಕೆ ಸಂದವು. ಅಲ್ಲಿ ಬೆಂಬಲಿಸಿದವರು ಯಂತ್ರಶಾಲೆಯ ಕೆಲಸಗಾರರಿಗಿಂತ ಹೆಚ್ಚಾಗಿ ಬಡರೈತರು. ಆ ಪ್ರಾಂತದ ಅರ್ಧಕ್ಕಿಂತ ಹೆಚ್ಚು ಹೊಲಗಳು ಲಾವಣಿದಾರರ ಕೈಯಲ್ಲಿದ್ದವು. ಬಯಲು ಭೂಮಿಯು ಮುಗಿದು ಸಾಲವೂ ಲಾವಣಿಯೂ ಉಳಿದಲ್ಲಿ ಅದೇ ಅಮೇರಿಕದವನು ಸಮಾಜವಾದಿಯಾದನು.

ಉತ್ತರ ಡಕೋಟ ಪ್ರಾಂತದ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ಅಲ್ಲಿಯ ಗೋದಿ ಬೆಳೆಯುವ ರೈತರು ಪರಪ್ರಾಂತದ ರೇಲ್ವೆ ಕಂಪನಿಗಳ, ಗಿರಣಿಯವರ, ಬ್ಯಾಂಕುಗಳ ಕೈಯಲ್ಲಿ ಸಿಕ್ಕಿದ್ದರು. ೧೯೧೫ರಲ್ಲಿ ಅವರು ಪಕ್ಷಾತೀತ ಸಂಘವೊಂದನ್ನು ಕಟ್ಟಿದರು. ಅದರ ಮುಖಂಡನಾದ ಟೌನ್ಲಿಯು ಹಿಂದೆ ಸಮಾಜವಾದಿ ಪಕ್ಷದ ಪ್ರಚಾರಕನಾಗಿದ್ದವನು. ಆದರೆ ಆ ಹೆಸರನ್ನು ಕೈಬಿಟ್ಟು, ರೂಢಿಯ ರಿಪಬ್ಲಿಕನ್ ಪಕ್ಷದ ಒಳಗಿಂದಲೇ ಉಮೇದುವಾರರನ್ನು ನಿಲ್ಲಿಸಿ ಗೆದ್ದನು. ೧೯೧೯ರಲ್ಲಿ ಪ್ರಾಂತ ಸರಕಾರದ ಸ್ವಂತ ಬ್ಯಾಂಕೂ ೧೯೨೨ರಲ್ಲಿ ಸರಕಾರದ ಹಿಟ್ಟಿನ ಗಿರಣಿಯೂ ಕೆಲಸಕ್ಕೆ ತೊಡಗಿದವು. ಸಂಘವು ಅಳಿಯಿತು, ೧೯೨೧ರಲ್ಲಿ ಅದರ ಗವರ್ನರನನ್ನು ಜನರೇ ಹಿಂದಕ್ಕೆ ಕರೆಸಿದರು. ಆದರೂ ಬ್ಯಾಂಕೂ ಗಿರಣಿಯೂ ಇಂದಿಗೂ ನಡೆದಿವೆ. ಸಮಾಜವಾದವೆಂಬ ಹೆಸರಿಗೆ ಮತ ಕೊಡದ ಪ್ರಾಂತವು ಅದರ ಫಲವನ್ನು ನೂರು ವರ್ಷಗಳಿಂದ ಬಿಟ್ಟುಕೊಟ್ಟಿಲ್ಲ.

೧೯೧೭ರ ರಶಿಯಾ ಕ್ರಾಂತಿಯ ಅನಂತರ ಆ ಶಬ್ದಕ್ಕೆ ಅಮೇರಿಕದಲ್ಲಿ ಪರದೇಶದ ದಬ್ಬಾಳಿಕೆಯ ಅರ್ಥವು ಅಂಟಿಕೊಂಡಿತು. ಕ್ಯೂಬ ಮೊದಲಾದ ದೇಶಗಳಿಂದ ಓಡಿಬಂದವರು ಆ ಅರ್ಥವನ್ನು ಸ್ವಾನುಭವದಿಂದ ದೃಢಪಡಿಸಿದರು. ಇತ್ತ ೧೯೩೫ರ ವೃದ್ಧಾಪ್ಯವೇತನದ ಕಾಯಿದೆ, ೧೯೬೫ರ ವೃದ್ಧರ ವೈದ್ಯಸಹಾಯದ ಕಾಯಿದೆಗಳು ಜನಪ್ರಿಯವಾಗಿಯೇ ಉಳಿದವು. ಈಚಿನ ವರ್ಷಗಳ ಲೋಕಾಭಿಪ್ರಾಯ ಸಮೀಕ್ಷೆಗಳಲ್ಲಿ ನೂರಕ್ಕೆ ಸುಮಾರು ೪೦ ಜನರು ಸಮಾಜವಾದದ ವಿಷಯದಲ್ಲಿ ಸದಭಿಪ್ರಾಯವನ್ನು ತೋರಿಸಿದ್ದಾರೆ. ಆಸ್ಪತ್ರೆಯ ವೆಚ್ಚ, ವಿದ್ಯೆಗಾಗಿ ಮಾಡಿದ ಸಾಲ ಇವುಗಳಿಂದ ಬಳಲಿದ ತರುಣರಲ್ಲಿ ಈ ಒಲವು ಹೆಚ್ಚು.

ಇನ್ನು ಧಾರವಾಡ ಸೀಮೆಗೆ ಬರಬಹುದು. ಮುಂಬಯಿ ಸರಕಾರದ ರಯತವಾರಿ ಪದ್ಧತಿಯಲ್ಲಿ ಪ್ರತಿಯೊಬ್ಬ ಹಿಡುವಳಿದಾರನಿಗೂ ಬೇರೆ ಬೇರೆ ಸರ್ವೆ ನಂಬರು ಗೊತ್ತಾಗಿ, ಅವನು ನೇರವಾಗಿ ಸರಕಾರಕ್ಕೆ ಸಾರಾ ಕೊಡತಕ್ಕವನಾದನು. ನಗದು ಸಾರಾ, ಏರಿಳಿಯುವ ಹತ್ತಿಯ ಧಾರಣೆ, ೧೮೭೬-೭೮ರ ಭೀಕರ ಕ್ಷಾಮ ಇವುಗಳಿಂದ ರೈತನು ಸಾವಕಾರನ ಮನೆಯ ಮೆಟ್ಟಿಲನ್ನು ಹತ್ತಬೇಕಾಯಿತು. ಹಳ್ಳಿಗನು ಸ್ವಭಾವತಃ ಸಮಷ್ಟಿವಾದಿಯೆಂಬ ಮಾತು ಈ ಪದ್ಧತಿಯ ಮುಂದೆ ನಿಲ್ಲುವುದು ಕಠಿಣ. ತನ್ನ ಹೊಲ, ತನ್ನ ಬದು, ತನ್ನ ಸಾಲ ಎಂಬುದೇ ಅವನ ದಿನದ ಅನುಭವವಾಗಿತ್ತು.

ಆದರೂ ಈ ಜಿಲ್ಲೆಯಲ್ಲಿಯೇ ಸಹಕಾರವು ಮೊದಲು ಬೇರೂರಿತು. ೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮೇರೆಗೆ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರ ಮೇ ೮ರಂದು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲಿಯೇ ಇದು ಈ ಬಗೆಯ ಮೊದಲನೆಯ ಸಂಘವೆಂದು ಗಣಿತವಾಗಿದೆ. ಗ್ರಾಮಸಂಘಗಳ ಹೊಣೆಯು ಆ ಕಾಯಿದೆಯಲ್ಲಿ ಅಪರಿಮಿತವಾಗಿತ್ತು; ಎಂದರೆ ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ವಸ್ವದಿಂದ ಹೊಣೆಯಾಗಬೇಕಾಗಿತ್ತು. ಸಮಾಜವಾದದ ಯಾವ ಗ್ರಂಥವನ್ನೂ ಓದದವರು ಇಷ್ಟು ದೊಡ್ಡ ಭಾರವನ್ನು ಹೊರಲು ಒಪ್ಪಿದುದೇಕೆ? ಸಾಲ ಪಡೆಯುವವನು ಅದೇ ಊರಿನವನು. ಲೆಕ್ಕದ ಪುಸ್ತಕವು ಊರಲ್ಲಿಯೇ ಇತ್ತು. ಕೊಡುವುದೋ ಬಿಡುವುದೋ ಎಂಬುದನ್ನು ಕೂಡಿ ಕುಳಿತು ನಿರ್ಣಯಿಸುವ ಅಧಿಕಾರವು ಅವರದೇ ಆಗಿತ್ತು.

ಎರಡನೆಯ ಘಟ್ಟವು ಗೇಣಿ ಭೂಮಿಯದು. ನವಲಗುಂದ, ಕಲಘಟಗಿಗಳು ಬ್ರಿಟಿಶರ ಆಳಿಕೆಯಲ್ಲಿದ್ದರೆ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು; ೧೯೪೮ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷದ ಮುಂಬಯಿಯ ಕುಳಕಾಯಿದೆಯು ಲಾವಣಿದಾರನಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿತು. ೧೯೫೧ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದಾಗ ಸಮಾಜವಾದಿ ಪಕ್ಷವು ತನ್ನ ಹೆಸರಿನಿಂದಲೇ ಅವರ ಬೆನ್ನಿಗೆ ನಿಂತಿತು; ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದರು. ೧೯೭೪ರ ಮಾರ್ಚ್ ೧ರಿಂದ, ದೇವರಾಜ ಅರಸರ ಸರಕಾರದ ತಿದ್ದುಪಡಿ ಕಾಯಿದೆಯ ಮೇರೆಗೆ, ಕರ್ನಾಟಕದ ಗೇಣಿ ಭೂಮಿಗಳು ಸರಕಾರದಲ್ಲಿ ವಿಹಿತವಾಗಿ, ನ್ಯಾಯಮಂಡಲಿಗಳ ಮುಖಾಂತರ ಉಳುವವರಿಗೆ ದೊರೆಯತೊಡಗಿದವು. ಭೂಮಿಯನ್ನು ಕಳೆದುಕೊಂಡವರು ಇದನ್ನು ಅನ್ಯಾಯವೆಂದರು, ಪಡೆದವರು ಧರ್ಮವೆಂದರು. ಆದರೆ ಪಡೆದವನು ಅದನ್ನು ಸ್ವಂತ ಖಾತೆಯ ಹೊಲವಾಗಿ ಪಡೆದನೆಂಬುದು ಇಲ್ಲಿ ಲಕ್ಷ್ಯದಲ್ಲಿಡತಕ್ಕ ವಿಷಯವು. ೧೯೫೯ರಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನವು ಗೊತ್ತುಮಾಡಿದ ಕೂಡು ಒಕ್ಕಲುತನವು ಎಲ್ಲಿಯೂ ಬೇರೂರಲಿಲ್ಲ. ಪಡುವಣದ ೧೬೦ ಎಕರೆಗಾಗಿ ಹೋದ ಅಮೇರಿಕದವನ ಆಸೆಗೂ ಕುಂದಗೋಳದ ಲಾವಣಿದಾರನ ಆಸೆಗೂ ಇಲ್ಲಿ ಭೇದವು ಕಾಣುವುದಿಲ್ಲ.

ಮೂರನೆಯದು ೧೯೮೦ರ ನವಲಗುಂದ-ನರಗುಂದಗಳ ಬಂಡಾಯ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ಈ ಎರೆಸೀಮೆಗೆ ನೀರನ್ನು ತಂದವು. ಜೋಳ, ಗೋದಿಗಳ ಬದಲು ಧಾರವಾಡದಲ್ಲಿಯೇ ಸಿದ್ಧವಾದ ವರಲಕ್ಷ್ಮಿ ಸಂಕರ ಹತ್ತಿಯು ಹಬ್ಬಿತು. ನೀರಾವರಿಯಿಂದ ಬೆಲೆಯೇರಿದ ಭೂಮಿಯ ಮೇಲೆ ಸರಕಾರವು ಅಭಿವೃದ್ಧಿ ಕರವನ್ನು ವಿಧಿಸಿತು. ತತ್ತ್ವತಃ ಇದು ಶುದ್ಧ ಸಮಾಜವಾದದ ವಿಚಾರವೇ. ಸಮುದಾಯದ ವೆಚ್ಚದಿಂದ ಏರಿದ ಭೂಮಿಯ ಬೆಲೆಯು ಸಮುದಾಯಕ್ಕೆ ಸಲ್ಲಬೇಕೆಂದು ೧೮೭೯ರಲ್ಲಿಯೇ ಅಮೇರಿಕದ ಹೆನ್ರಿ ಜಾರ್ಜನು ವಾದಿಸಿದ್ದನು. ಇಷ್ಟರ ಮೇಲೆ ರೈತನ ವಿರೋಧವನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ.

ಆದರೆ ರೈತನ ಪಕ್ಷವನ್ನೂ ಕೇಳಬೇಕು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಿರಲಿಲ್ಲ. ಮುಟ್ಟಿದ ಕೆಲವೆಡೆ ಎರೆಭೂಮಿಯು ಸವುಳು-ಜವುಳಾಗಿ ಕೆಟ್ಟಿತ್ತು. ಹತ್ತಿಯ ಧಾರಣೆಯು ಕುಸಿದಿತ್ತು. ಸಾಲದ ವಸೂಲಿಯೂ ಕರದ ವಸೂಲಿಯೂ ಒಮ್ಮೆಲೇ ಬಂದವು. ಯಾರ ಭೂಮಿಯು ಎಷ್ಟು ಸುಧಾರಿಸಿತೆಂಬುದನ್ನು ಗೊತ್ತುಪಡಿಸುವಾಗ ಆ ಭೂಮಿಯವನನ್ನು ಯಾರೂ ಕೇಳಲಿಲ್ಲ. ರೈತರು ಸಮನ್ವಯ ಸಮಿತಿಯನ್ನು ಕಟ್ಟಿ ಕರವನ್ನು ರದ್ದುಪಡಿಸಲು ಒತ್ತಾಯಿಸಿದರು. ೧೯೮೦ರ ಜುಲೈ ೨೧ರಂದು ಚಳವಳಿಯು ಉಗ್ರರೂಪವನ್ನು ತಾಳಿ, ನವಲಗುಂದ ನರಗುಂದಗಳೆರಡರಲ್ಲಿಯೂ ಗೋಲಿಬಾರು ನಡೆದು ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ದಿನವನ್ನು ಇಂದಿಗೂ ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು. ೧೯೮೩ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಮೊದಲ ಸಲ ಕರ್ನಾಟಕದಲ್ಲಿ ಅಧಿಕಾರವನ್ನು ಕಳೆದುಕೊಂಡಿತು.

ಈ ಬಂಡಾಯದಿಂದ ನವಲಗುಂದದ ರೈತನು ಸರಕಾರದ ಕೈವಾಡಕ್ಕೇ ವಿರೋಧಿಯೆಂದು ತರ್ಕಿಸುವುದೂ ತಪ್ಪು. ೨೦೧೫ರಿಂದ ಅದೇ ಊರುಗಳ ರೈತರು ಮಹಾದಾಯಿಯ ನೀರನ್ನು ಕಳಸಾ-ಬಂಡೂರಿ ಯೋಜನೆಯ ಮೂಲಕ ಮಲಪ್ರಭೆಗೆ ತಿರುಗಿಸಬೇಕೆಂದು ಸರಕಾರವನ್ನೇ ಒತ್ತಾಯಿಸಿ ಧರಣಿ ಕುಳಿತರು. ೨೦೧೮ರ ನ್ಯಾಯಾಧಿಕರಣದ ತೀರ್ಪಿನಲ್ಲಿ ಇದಕ್ಕೆ ೩.೯ ಟಿ.ಎಂ.ಸಿ. ನೀರು ಹಂಚಿಕೆಯಾಯಿತು. ೧೯೮೦ರಲ್ಲಿ ಸರಕಾರವನ್ನು ಎದುರಿಸಿದವರೂ ೨೦೧೫ರಲ್ಲಿ ಸರಕಾರವನ್ನು ಕರೆದವರೂ ಒಂದೇ ನೆಲದವರು.

ಈ ನಿದರ್ಶನಗಳಿಂದ ಹೊರಡುವ ಸಿದ್ಧಾಂತವು ಇದು. ಒಪ್ಪುವುದಕ್ಕೂ ವಿರೋಧಿಸುವುದಕ್ಕೂ ಜನಾಂಗದ ಸ್ವಭಾವವು ಕಾರಣವಲ್ಲ. ವಾದದ ಹೆಸರೂ ಪೂರ್ಣಕಾರಣವಲ್ಲ. ಹೊರೆಯು ಯಾರದು, ಫಲವು ಯಾರಿಗೆ, ನಿರ್ಣಯವು ಯಾರ ಕೈಯಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ದೊರೆತ ಉತ್ತರವೇ ಕಾರಣವು. ಕಣಗಿನಹಾಳದಲ್ಲಿಯೂ ಉತ್ತರ ಡಕೋಟದಲ್ಲಿಯೂ ಮೂರಕ್ಕೂ ಉತ್ತರವು ರೈತರೇ ಆಗಿದ್ದರು. ಅಲ್ಲಿ ಸಮಷ್ಟಿಯ ಕಾರ್ಯವು ಬಾಳಿತು. ೧೯೮೦ರಲ್ಲಿ ಹೊರೆಯು ರೈತನದು, ಫಲವು ಅನಿಶ್ಚಿತ, ನಿರ್ಣಯವು ಕಚೇರಿಯದು. ಅಲ್ಲಿ ನ್ಯಾಯವಾದ ತತ್ತ್ವವೂ ರಕ್ತಪಾತದಲ್ಲಿ ಮುಗಿಯಿತು.

ಒಂದು ಆಕ್ಷೇಪವು ಉಳಿಯುತ್ತದೆ. ಮೇಲಿನ ಎಲ್ಲ ನಿದರ್ಶನಗಳಲ್ಲಿಯೂ ಮಾತಾಡಿದವರು ಹೊಲವುಳ್ಳವರು, ಇಲ್ಲವೆ ಹೊಲವನ್ನು ಲಾವಣಿಗೆ ಹಿಡಿದವರು. ಅದೇ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಯ ಹೆಂಗಸಿಗೆ ೧೯೦೫ರ ಸಂಘದಲ್ಲಿ ಒತ್ತೆಯಿಡಲು ಸ್ವತ್ತಿರಲಿಲ್ಲ. ೧೯೭೪ರಲ್ಲಿ ಅರ್ಜಿ ಹಾಕಲು ಲಾವಣಿಯಿರಲಿಲ್ಲ. ೧೯೮೦ರಲ್ಲಿ ರದ್ದಾಗಬೇಕಾದ ಕರವೂ ಅವಳ ಮೇಲಿರಲಿಲ್ಲ. ಈ ಆಕ್ಷೇಪವು ಸಿದ್ಧಾಂತವನ್ನು ಬಾಧಿಸುವುದಿಲ್ಲ, ಆದರೆ ಅದರ ಮಿತಿಯನ್ನು ತೋರಿಸುತ್ತದೆ. ಹಿಂಡಿನಂತೆ ಅಟ್ಟಿಸಿಕೊಳ್ಳಲು ಒಪ್ಪದ ರೈತನು ತನ್ನ ಕೂಟದಲ್ಲಿ ಕೂಲಿಯವರಿಗೆ ಸ್ಥಾನವನ್ನು ಕೊಟ್ಟನೇ ಎಂಬುದನ್ನು ಈ ಸೀಮೆಯ ಇತಿಹಾಸವನ್ನು ಬರೆಯುವವರು ಇನ್ನು ಮುಂದೆ ವಿಚಾರಿಸತಕ್ಕದ್ದಾಗಿದೆ. ಕೂಟವೆಂಬುದು ಎಲ್ಲರನ್ನೂ ಒಳಗೊಂಡ ಹೊರತು ‘ಸಮಾಜ’ ಶಬ್ದದ ಅರ್ಥವು ಪೂರ್ಣವಾಗುವುದಿಲ್ಲ.