ವಿದ್ಯುತ್ ಕೆಲಸಗಾರರ ಜಮೀನು ಪ್ರವೇಶ: ಬ್ಯಾಕೋಡು ಸೀಮೆಯ ಭೂಮಿ ಮತ್ತು ಪರಿಸರ ನಿಯಮಗಳು

ಕಂಬ ನೆಡಲು, ತಂತಿ ಎಳೆಯಲು, ಟಿಸಿ (ಟ್ರಾನ್ಸ್‌ಫಾರ್ಮರ್) ರಿಪೇರಿ ಮಾಡಲು, ಮೀಟರ್ ಓದಲು, ತಂತಿಗೆ ತಾಗುವ ಕೊಂಬೆ ಸವರಲು, ಹೊಸ ಯೋಜನೆಗೆ ಸರ್ವೆ ಮಾಡಲು ವಿದ್ಯುತ್ ಕೆಲಸಗಾರರು ಬೇರೆಯವರ ಗದ್ದೆ, ತೋಟ, ಬೆಟ್ಟಗಳಿಗೆ ಕಾಲಿಡಬೇಕಾಗುತ್ತದೆ. ಹಾಗೆ ಕಾಲಿಡುವ ಹಕ್ಕು ಮತ್ತು ಆ ಹಕ್ಕಿನ ಬೆನ್ನಿಗೇ ಬರುವ ಹೊಣೆ ಈ ನಿಯಮಗಳ ವಿಷಯ. ಭಾರತದಲ್ಲಿ ಇವುಗಳ ಬುಡ 2003ರ ವಿದ್ಯುಚ್ಛಕ್ತಿ ಕಾಯ್ದೆ. ಕಾಡಿನ ನೆಲಕ್ಕೆ ಬಂದಾಗ ಅರಣ್ಯ ಮತ್ತು ವನ್ಯಜೀವಿ ಕಾಯ್ದೆಗಳೂ ಸೇರಿಕೊಳ್ಳುತ್ತವೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಬ್ಯಾಕೋಡು ಸೀಮೆಯಲ್ಲಿ ಒಂದೇ ಲೈನು ಮನೆಯಂಗಳ, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಅರಣ್ಯಗಳನ್ನು ಹಾದು ಹೋಗುವುದರಿಂದ ಈ ನಿಯಮಗಳೆಲ್ಲ ಇಲ್ಲಿ ಒಟ್ಟಿಗೇ ಎದುರಾಗುತ್ತವೆ.

ಹಿನ್ನೆಲೆ

ಬ್ಯಾಕೋಡು, ತುಮರಿ, ಸಿಗಂದೂರುಗಳಿರುವ ಕರೂರು ಹೋಬಳಿ ಶರಾವತಿ ಹಿನ್ನೀರಿನಾಚೆಯ ನಾಡು. ಮಡೆನೂರಿನ ಬಳಿಯ ಹಿರೇಭಾಸ್ಕರ ಅಣೆಕಟ್ಟಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ನಡೆಯತೊಡಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಕಟ್ಟೆಯೂ ಹೊಸ ನೀರಿನೊಳಗೆ ಹೋಯಿತು. 1,819 ಅಡಿಯ ಪೂರ್ಣ ಮಟ್ಟದವರೆಗೆ ನೀರು ನಿಂತು ಗದ್ದೆ, ತೋಟ, ದೇವಸ್ಥಾನ, ಸಾಗರಕ್ಕೆ ಹೋಗುವ ದಾರಿ ಎಲ್ಲವೂ ಮುಳುಗಿದವು. ಈ ನೀರನ್ನೇ ನಂಬಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್.

ಮುಳುಗಡೆಯಾದವರಲ್ಲಿ ಅನೇಕರಿಗೆ ಕೊಟ್ಟ ನೆಲ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಸಾಗುವಳಿ ಅವರದು, ಪಹಣಿ ಅವರ ಹೆಸರಿಗಿಲ್ಲ. ಇಂಥ ಮನೆಗೆ ಒಂದು ಕಂಬ ಬರಬೇಕಾದರೂ ನೆಲ ಯಾರದು ಎಂಬ ಪ್ರಶ್ನೆ ಮೊದಲು ಏಳುತ್ತದೆ. ನಾಡಿನ ಬೆಳಕಿಗಾಗಿ ನೆಲ ಬಿಟ್ಟುಕೊಟ್ಟವರು ತಮ್ಮ ಮನೆಯ ಬೆಳಕಿಗೆ ಕಾದರು. ಇಲ್ಲಿ ಪ್ರವೇಶದ ನಿಯಮಗಳನ್ನು ಓದುವಾಗ ಈ ಸಂಗತಿಯನ್ನು ಮರೆಯಬಾರದು.

ಸದ್ಯ ವಿತರಣೆ ಮೆಸ್ಕಾಂನದು, ದೊಡ್ಡ ಪ್ರಸರಣ ಮಾರ್ಗಗಳು ಕೆಪಿಟಿಸಿಎಲ್‌ನವು, ಜಲಾಶಯ ಮತ್ತು ವಿದ್ಯುದಾಗಾರಗಳು ಕರ್ನಾಟಕ ವಿದ್ಯುತ್ ನಿಗಮದವು.

ಇರುವ ಲೈನಿಗೆ ಪ್ರವೇಶ

ಕಾನೂನುಬದ್ಧವಾಗಿ ಹಾಕಿದ ಲೈನು, ಕಂಬ, ಮೀಟರ್‌ಗಳ ತಪಾಸಣೆ ಮತ್ತು ದುರಸ್ತಿಗೆ ಬರುವ ಅಧಿಕಾರವನ್ನು ವಿದ್ಯುಚ್ಛಕ್ತಿ ಕಾಯ್ದೆಯ 163ನೇ ಕಲಂ ಕೊಡುತ್ತದೆ. ಅದಕ್ಕೆ ಎರಡು ಷರತ್ತುಗಳಿವೆ: ಹೊತ್ತು ಸಮಂಜಸವಾಗಿರಬೇಕು, ಜಾಗದಲ್ಲಿರುವವರಿಗೆ ಮುಂಚೆ ತಿಳಿಸಬೇಕು. ಗ್ರಾಹಕ ಒಳಗೆ ಬಿಡದಿದ್ದರೆ ಲಿಖಿತ ನೋಟಿಸು ಕೊಟ್ಟು, 24 ಗಂಟೆ ಕಳೆದ ಮೇಲೆ, ನಿರಾಕರಣೆ ಮುಂದುವರಿದಿರುವಷ್ಟು ಕಾಲ ಸಂಪರ್ಕ ಕಡಿಯಬಹುದು.

ವಿದ್ಯುತ್ ಕಳವಿನ ಶೋಧ ಬೇರೆಯದೇ ವಿಷಯ. 135ನೇ ಕಲಮಿನ ಪ್ರಕಾರ, ಸೂರ್ಯ ಮುಳುಗಿದ ಮೇಲೆ ಮತ್ತು ಹುಟ್ಟುವ ಮೊದಲು ವಾಸದ ಮನೆಯನ್ನು ಶೋಧಿಸಬೇಕಾದರೆ ಆ ಮನೆಯ ವಯಸ್ಕ ಗಂಡಸೊಬ್ಬರು ಎದುರಿಗಿರಲೇಬೇಕು.

ಹೊಸ ಮಾರ್ಗ: ಒಪ್ಪಿಗೆ ಮತ್ತು ಪರಿಹಾರ

ಖಾಸಗಿ ನೆಲದಲ್ಲಿ ಹೊಸ ಲೈನು ಎಳೆಯಲು 2006ರ ಪರವಾನಗಿದಾರರ ಕಾಮಗಾರಿ ನಿಯಮಗಳು ಮಾಲೀಕರ ಅಥವಾ ಸ್ವಾಧೀನದಲ್ಲಿರುವವರ ಪೂರ್ವಾನುಮತಿ ಕೇಳುತ್ತವೆ. ಅವರು ಆಕ್ಷೇಪಿಸಿದರೆ ಜಿಲ್ಲಾ ದಂಡಾಧಿಕಾರಿಯ ಲಿಖಿತ ಅನುಮತಿ ಬೇಕು. ‘ಸ್ವಾಧೀನದಲ್ಲಿರುವವರು’ ಎಂಬ ಮಾತು ಈ ಸೀಮೆಗೆ ಬಹಳ ಮುಖ್ಯ: ಗೇಣಿಗೆ ಮಾಡುವವರನ್ನೂ ಅದು ಒಳಗೊಳ್ಳುತ್ತದೆ.

ಪ್ರಸರಣ ಮಾರ್ಗಗಳ ದಾರಿ ಬೇರೆ. 164ನೇ ಕಲಮಿನಡಿ ಸರ್ಕಾರ ಆದೇಶ ಹೊರಡಿಸಿದರೆ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳು ವಿದ್ಯುತ್ ಸಂಸ್ಥೆಗೆ ಬರುತ್ತವೆ. ಆಗ ಒಪ್ಪಿಗೆಯಿಲ್ಲದೆಯೂ ಲೈನು ಎಳೆಯಬಹುದು. ಆ ಹಳೆಯ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದರೂ ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಅಧಿಕಾರಗಳನ್ನು ಉಳಿಸಿಕೊಳ್ಳಲಾಗಿದೆ. ಆದರೂ ಸಂಸ್ಥೆಗೆ ಸಿಗುವುದು ನೆಲವನ್ನು ಬಳಸುವ ಹಕ್ಕು ಮಾತ್ರ, ಒಡೆತನವಲ್ಲ. ಹಾನಿ ಆದಷ್ಟು ಕಡಿಮೆಯಿರಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು. ಪರಿಹಾರ ಸಾಲದೆಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

66 ಕೆವಿ ಮತ್ತು ಮೇಲಿನ ಮಾರ್ಗಗಳಿಗೆ ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು: ಗೋಪುರ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿ ಹಾಯುವ ಪಟ್ಟಿಗೆ ಗರಿಷ್ಠ ಶೇ 15. 2024ರ ಜೂನ್‌ನ ಪರಿಷ್ಕರಣೆ ಇದನ್ನು ಕ್ರಮವಾಗಿ ಶೇ 200 ಮತ್ತು ಶೇ 30ಕ್ಕೆ ಏರಿಸಿತು. ಇವು ರಾಜ್ಯಗಳಿಗೆ ಕೊಟ್ಟ ಸಲಹೆ. ಹಳ್ಳಿಗಳಲ್ಲಿ ಹರಡಿರುವ 11 ಕೆವಿ ಮತ್ತು ಮನೆ ಲೈನುಗಳಿಗೆ ಇವು ಅನ್ವಯಿಸುವುದಿಲ್ಲ. ಮಲೆನಾಡಿನ ಸಣ್ಣ ಹಿಡುವಳಿದಾರರು ಹೆಚ್ಚಾಗಿ ಎದುರಿಸುವುದು ಈ ಸಣ್ಣ ಲೈನುಗಳನ್ನೇ.

ತೋಟದ ಮೇಲಿನ ತಂತಿ

ಗದ್ದೆಯ ಮೇಲೆ ಹಾದ ತಂತಿಯ ಕೆಳಗೆ ಭತ್ತ ಬೆಳೆಯಬಹುದು. ಅಡಿಕೆ ತೋಟದಲ್ಲಿ ಅದಾಗದು. ಅಡಿಕೆ ಮರ ತಂತಿಯನ್ನು ದಾಟಿ ಬೆಳೆಯುತ್ತದೆ. ಅರಣ್ಯದಲ್ಲಿ 11 ಕೆವಿ ಮಾರ್ಗಕ್ಕೆ ನಿಗದಿಯಾದ ಪಟ್ಟಿಯ ಅಗಲ 7 ಮೀಟರ್. ಅಷ್ಟೇ ಅಗಲವನ್ನು 9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ತೆರವು ಮಾಡಿದರೆ ಎರಡು ಮೂರು ಸಾಲು ಮರ ಹೋಗುತ್ತವೆ. ನಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಅದುವರೆಗೆ ನೆರಳಲ್ಲಿದ್ದ ಪಕ್ಕದ ಸಾಲಿನ ಕಾಂಡಕ್ಕೆ ಪಡುವಣ ಬಿಸಿಲು ಬಡಿದು ತೊಗಟೆ ಸೀಳುತ್ತದೆ, ಮಳೆಗಾಲದಲ್ಲಿ ಆ ಸೀಳಿನಿಂದಲೇ ಮರ ಕೊಳೆಯತೊಡಗುತ್ತದೆ. ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ಕಡಿದ ಮರಗಳನ್ನಷ್ಟೇ ಎಣಿಸಿದ ಪಂಚನಾಮೆ ತೋಟದ ನಷ್ಟವನ್ನು ಅರ್ಧವಷ್ಟೇ ಹೇಳುತ್ತದೆ. ಪರಿಹಾರಕ್ಕೆ ಒಂದೇ ಸೂತ್ರವಿಲ್ಲ, ನೆಲದ ಸ್ಥಿತಿ, ತಂತಿಯ ಸ್ಥಾನ, ಬಳಕೆಗೆ ಬಂದ ಅಡ್ಡಿ ಎಲ್ಲವನ್ನೂ ನೋಡಬೇಕು ಎಂದು ಕೇರಳ ರಾಜ್ಯ ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ತಂತಿಗೆ ಅಡ್ಡಿಯಾಗುವ ಮರ ತೆಗೆಸಲು 68ನೇ ಕಲಮಿನಡಿ ವಿದ್ಯುತ್ ಸಂಸ್ಥೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅರ್ಜಿ ಹಾಕಬಹುದು. ಮರ ಲೈನಿಗಿಂತ ಮುಂಚಿನದಾದರೆ ಅದರ ಒಡೆಯರಿಗೆ ಪರಿಹಾರ ಸಲ್ಲುತ್ತದೆ. ಮೊದಲಿದ್ದದ್ದು ಮರವೋ ತಂತಿಯೋ ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳುವುದು ರೈತರಿಗೆ ಬಹಳ ಉಪಯುಕ್ತ. ಲೈನು ಎಳೆಯುವ ಮುಂಚೆ ತೆಗೆದ ಒಂದು ಫೋಟೊ ಕೂಡ ಮುಂದೆ ನೆರವಾಗಬಹುದು.

ಬೆಟ್ಟ, ಕಾಡು, ಅಭಯಾರಣ್ಯ

ತೋಟದ ಮೇಲ್ಬದಿಯ ಸೊಪ್ಪಿನ ಬೆಟ್ಟದಲ್ಲಿ ರೈತರಿಗಿರುವುದು ಸೊಪ್ಪು, ದರಗು, ಸೌದೆ ತರುವ ಸವಲತ್ತು. ಮರ ಅರಣ್ಯ ಇಲಾಖೆಯದು. ಹಾಗಾಗಿ ತೋಟದವರು ಒಪ್ಪಿದರೂ ಬೆಟ್ಟದ ಮರ ಕಡಿಯಲು ಅಷ್ಟೇ ಸಾಲದು. ಖಾಸಗಿ ನೆಲದ ಅನೇಕ ಜಾತಿಯ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಅನುಮತಿ ಬೇಕು. ಹಳ್ಳಿಗಳಿಗೆ ಒಂದು ಬಾಗಿಲು ತೆರೆದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ವಿದ್ಯುತ್ ಮಾರ್ಗ, ಶಾಲೆ, ರಸ್ತೆಯಂಥ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದ ಕಡಿತಲೆಯೊಂದಿಗೆ, ಗ್ರಾಮಸಭೆಯ ಶಿಫಾರಸಿನ ಮೇರೆಗೆ ಕೊಡಬಹುದು. ಕಾಡಿನಂಚಿನ ಕೇರಿಗೆ ಲೈನು ಬೇಕೆನ್ನುವವರು ಮೊದಲು ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು.

ಶರಾವತಿ ಕಣಿವೆ ಅಭಯಾರಣ್ಯ 1972ರಿಂದ ಇದೆ. 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರೊಳಗೆ ಹೋಗಲು ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು. ಸಿಂಗಳೀಕ ಮರದಿಂದ ಮರಕ್ಕೆ ಹಾರುತ್ತ ಬದುಕುವ ಪ್ರಾಣಿ. ಲೈನಿಗಾಗಿ ಕಡಿದ ಪಟ್ಟಿ ಅದರ ದಾರಿಯನ್ನು ತುಂಡರಿಸುತ್ತದೆ, ಬರಿ ತಂತಿ ಅದರ ಜೀವ ತೆಗೆಯಬಹುದು. ಹೊದಿಕೆಯಿರುವ ಎಬಿ ಕೇಬಲ್ ಇಂಥ ಕಡೆ ಮರವನ್ನೂ ಪ್ರಾಣಿಯನ್ನೂ ಉಳಿಸುತ್ತದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಉದ್ದೇಶಿಸಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯಲ್ಲಿ ಭೂಗರ್ಭ ಪರೀಕ್ಷೆಗೆ ನೆಲ ಕೊರೆಯುವುದಕ್ಕೂ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕಾಯಿತು. ಆ ಯೋಜನೆಗೆ ಮಲೆನಾಡು, ಕರಾವಳಿ ಎರಡೂ ಕಡೆ ಬಲವಾದ ವಿರೋಧವಿದೆ.

ಟಿಸಿಯಿಂದ ಸೋರುವ ಎಣ್ಣೆ ತೋಟದ ಕಪ್ಪಿಗೆ (ಬಸಿಗಾಲುವೆಗೆ), ಅಲ್ಲಿಂದ ಹಳ್ಳಕ್ಕೆ ಸೇರಬಾರದು. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟಿದ್ದು, ಅಧಿಕೃತ ಸಂಸ್ಕರಣೆದಾರರಿಗೇ ಹೋಗಬೇಕು.

ಕೆಲಸಗಾರರ ಸುರಕ್ಷತೆ

ಮಳೆಗೆ ಮುಂಚಿನ ಜಂಗಲ್ ಕಟಿಂಗ್ (ತಂತಿಯ ಬಳಿಯ ಕೊಂಬೆ ಸವರುವ ಕೆಲಸ) ನಡೆಯುವುದು ಬೇಸಿಗೆಯಲ್ಲಿ. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗುಗಳಿಂದ ಹರಡುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಇದಕ್ಕೆ ಬಲಿಯಾದರು. ಬೆಟ್ಟ ಹತ್ತುವ ಲೈನ್‌ಮನ್‌ಗೆ ಕೈಗವಸು, ಬೆಲ್ಟಿನಷ್ಟೇ ಮುಖ್ಯವಾಗಿ ಮೈಮುಚ್ಚುವ ಬಟ್ಟೆ, ಉಣುಗು ಓಡಿಸುವ ಡೆಪಾ ತೈಲ, ಸಂಜೆ ಬಿಸಿನೀರ ಸ್ನಾನ ಬೇಕು. ಮಂಗ ಸತ್ತು ಬಿದ್ದಿರುವ ಜಾಗವನ್ನು ಅವರಿಗೆ ಮೊದಲೇ ತಿಳಿಸುವುದು ಊರಿನವರ ಕೆಲಸ.

ಜಮೀನಿನವರ ಕಡೆಯಿಂದ ಬರುವ ದೊಡ್ಡ ಅಪಾಯ ದೋಟಿ. ಕೊನೆ ಇಳಿಸುವ, ಔಷಧಿ ಹೊಡೆಯುವ ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿದರೆ ಹಿಡಿದವರು ಬದುಕುವುದು ಕಷ್ಟ. ಹಗುರವೆಂದು ಈಗ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಹರಿಸುತ್ತದೆ. ಬೇಲಿಗೆ ನೇರ ಕರೆಂಟು ಕೊಡುವುದು ಅಪರಾಧ. ಕತ್ತಲಲ್ಲಿ ಲೈನು ಹುಡುಕಿಕೊಂಡು ಬರುವ ಕೆಲಸಗಾರನಿಗೂ ಅದು ಸಾವಿನ ಬಲೆ. ಲೈನ್ ಕ್ಲಿಯರ್ (ವಿದ್ಯುತ್ ಕಡಿತದ ಖಾತ್ರಿ) ಪಡೆದು ಲೈನ್‌ಮನ್ ಕಂಬ ಹತ್ತಿದಾಗ ಜಮೀನಿನವರು ಜನರೇಟರ್ ಹಚ್ಚಿದರೆ, ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದಲ್ಲಿ, ಸತ್ತ ತಂತಿಗೆ ಮತ್ತೆ ಜೀವ ಬರುತ್ತದೆ.

ರೂಢಿ

ಕಾಯ್ದೆ ಬರೆಯದ ಕೆಲವು ನಿಯಮಗಳನ್ನು ಈ ಸೀಮೆಯವರು ತಾವೇ ಪಾಲಿಸುತ್ತಾರೆ. ಅಂಗಳದಲ್ಲಿ ನಿಂತು ಕೂಗಿ ಹೇಳಿ ತೋಟಕ್ಕಿಳಿಯುವುದು, ಕಪ್ಪು ದಾಟಲು ಸಂಕ (ಕಾಲುಸೇತುವೆ) ಬಳಸುವುದು, ಕಡಿದ ಕೊಂಬೆಯನ್ನು ನೀರಿನ ದಾರಿಗೆ ಬಿಡದಿರುವುದು. ಎಲ್ಲಕ್ಕಿಂತ ಮುಖ್ಯವಾದದ್ದು, ದಾಟಿದ ಮೇಲೆ ಉಣುಗೋಲಿನ (ಬೇಲಿಯ ಬಾಗಿಲಿನ) ಗಳುಗಳನ್ನು ಮತ್ತೆ ಅದರ ತೂತಿಗೆ ಸೇರಿಸುವುದು. ಒಂದು ಗಳು ಹಾಗೇ ಬಿಟ್ಟರೆ ಸಂಜೆಯೊಳಗೆ ದನ ನುಗ್ಗಿ, ಆ ವರ್ಷ ನೆಟ್ಟ ಸಸಿಯೆಲ್ಲ ಹೋಗುತ್ತದೆ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅದಕ್ಕೂ ಮುಂಚೆ ಸಾಗರದಿಂದ ಬರುವ ವಾಹನ ಲಾಂಚ್ ಕಾಯಬೇಕಿತ್ತು, ಇಲ್ಲವೇ ಕಾಡಿನ ದೂರದ ದಾರಿ ಸುತ್ತಬೇಕಿತ್ತು. ಆ ದಿನಗಳಲ್ಲಿ ಇಲ್ಲಿಗೆ ಬರುತ್ತಿದ್ದ ಕೆಲಸಗಾರರಿಗೆ ಯಾರ ತೋಟ ಎಲ್ಲಿ, ಯಾವ ಬೇಲಿ ಯಾರದು ಎಂಬುದು ಗೊತ್ತಿರುತ್ತಿತ್ತು. ಈಗ ದೂರದ ಗುತ್ತಿಗೆ ತಂಡಗಳೂ ಒಂದೇ ಹಗಲಲ್ಲಿ ಬಂದು ಹೋಗಬಲ್ಲವು. ಊರಿನ ಪರಿಚಯವಿಲ್ಲದ ಅವರಿಗೆ 163ನೇ ಕಲಮಿನ ‘ಮುಂಚೆ ತಿಳಿಸಿ’ ಎಂಬ ಷರತ್ತನ್ನೂ ಉಣುಗೋಲು ಹಾಕುವ ರೂಢಿಯನ್ನೂ ಒಟ್ಟಿಗೇ ಕಲಿಸಬೇಕಾಗಿದೆ.